ನಾಲ್ಕು ದಾರದ ಮೂರು ಪಟ

ಅಂದು ಹೊತ್ತು ಮೂಡಿದಾಗಿನಿಂದ ಹನ್ನೊಂದು ಗಂಟೆಯೊಳಗೆ ನಾನು ಮಾಡಿದ ಕೆಲಸಗಳಿವು. ಅಂಗಳ ಗುಡಿಸಿ ನೀರು ಹೊಡೆದು ರಂಗೋಲಿ ಹಾಕಿದೆ. ಗಾಳಿ ಬಂದು ಅಳಿಸಿತು, ಮತ್ತೆ ಹಾಕಲಿಲ್ಲ. ಹಂಡೆಗೆ ಉರಿ ಹಚ್ಚಿದೆ. ಹಾಲು ಕಾಸಿದೆ. ಹನ್ನೆರಡು ರೊಟ್ಟಿ ಬಡಿದೆ, ಹೆಸರುಕಾಳಿನ ಪಲ್ಯ ಮಾಡಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಮಗಳಿಗೆ ಎರಡು ಜಡೆ ಹೆಣೆದೆ. ಪಕ್ಕದ ಮನೆಯವರ ಜಂಪರಿಗೆ ಹುಕ್ಕು ಹಚ್ಚಿ ಕೊಟ್ಟುಕಳಿಸಿದೆ. ಮಾಳಿಗೆಯಿಂದ ಹಾರಿಹೋಗಿ ಬೇವಿನ ಮರದಲ್ಲಿ ಕೂತಿದ್ದ ಟವೆಲ್ಲನ್ನು ಕೋಲು ಹಾಕಿ ಇಳಿಸಿದೆ. ಇನ್ನೊಂದೇ ಕೆಲಸ ಉಳಿದಿತ್ತು: ನಾಲ್ಕು ಗಂಟೆಯೊಳಗೆ ಮೂರು ಗಾಳಿಪಟಗಳಲ್ಲಿ ಒಂದನ್ನು ಆರಿಸಬೇಕಿತ್ತು.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನಾವಿದ್ದದ್ದು ಹರಪನಹಳ್ಳಿ ತಾಲೂಕಿನ ಅರಸೀಕೆರೆಯಲ್ಲಿ. ಮನೆಯವರದು ಹಿಟ್ಟಿನ ಗಿರಣಿ, ನನ್ನದು ಪಡಸಾಲೆಯಲ್ಲೊಂದು ಹೊಲಿಗೆ ಯಂತ್ರ. ಮಾಳಿಗೆ ಮೇಲಿನ ಕೋಣೆಯನ್ನು ಗುಜರಾತ್ ಕಡೆಯ ಒಬ್ಬ ಇಂಜಿನಿಯರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಗಾಳಿಯಿಂದ ಕರೆಂಟು ತೆಗೆಯುವ ರೆಕ್ಕೆಗಳನ್ನು ನಿಲ್ಲಿಸುವ ಮೊದಲು, ಯಾವ ಗುಡ್ಡದ ಮೇಲೆ ಎಷ್ಟು ಗಾಳಿ ಬೀಸುತ್ತದೆ ಎಂದು ವರ್ಷಗಟ್ಟಲೆ ಅಳೆಯಬೇಕಂತೆ. ಅವರದು ಆ ಅಳೆಯುವ ಕೆಲಸ. ಗುಡ್ಡದ ಮೇಲೊಂದು ಉದ್ದನೆಯ ಕಂಬ ನೆಟ್ಟು, ತುದಿಗೆ ಗಿರಗಿರ ತಿರುಗುವ ಬಟ್ಟಲು ಕಟ್ಟಿ, ಕೆಳಗಿನ ಪೆಟ್ಟಿಗೆಯಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದರು. ಊರವರು ಅವರನ್ನು ಕರೆಯುತ್ತಿದ್ದದ್ದು ಗಾಳಿ ಸಾಹೇಬ್ರು ಎಂದೇ. ಬಂದಾಗ ಅವರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಕಲಿತದ್ದೆಲ್ಲ ನಮ್ಮ ಅತ್ತೆಯ ಬಾಯಿಂದ. ಹಾಗಾಗಿ ಬರುತ್ತಿದ್ದ ಕನ್ನಡದಲ್ಲಿ ಅರ್ಧ ಬೈಗುಳ. ಜೀಪು ಚಾಲೂ ಆಗದಿದ್ದರೆ "ನಿನ್ ಬಾಯಾಗ ಮಣ್ಣ ಹಾಕ" ಎಂದು ತಣ್ಣಗೆ, ಯಾವ ಸಿಟ್ಟೂ ಇಲ್ಲದೆ ಅನ್ನುತ್ತಿದ್ದರು. ಅದು ನಮ್ಮಲ್ಲಿ ದೇವರ ಹೆಸರೇನೋ ಎಂದುಕೊಂಡಿದ್ದರೋ ಏನೋ.

ಅವರ ಬಳಿ ಮೂರು ಪಟ ಇದ್ದವು. ತಮ್ಮೂರಿನ ಕಡೆ ಪಟದ ಹಬ್ಬಕ್ಕೆ ಹೊರದೇಶದವರು ಬಂದಾಗ ಅವರಿಂದ ತಗೊಂಡವಂತೆ. ಅಂಥ ಪಟಗಳನ್ನು ನಾನು ಕಂಡಿರಲಿಲ್ಲ. ನಮ್ಮ ಪಟಕ್ಕೆ ಒಂದು ಸೂತ್ರ, ಒಂದು ದಾರ, ಹಿಂದೊಂದು ಬಾಲಂಗೋಚಿ. ಇವಕ್ಕೆ ಬಾಲವಿಲ್ಲ, ದಾರ ಮಾತ್ರ ನಾಲ್ಕು. ಎಡಗೈಗೊಂದು ಹಿಡಿ, ಬಲಗೈಗೊಂದು ಹಿಡಿ. ಒಂದೊಂದು ಹಿಡಿಯ ಮೇಲ್ತುದಿಗೆ ಒಂದು ದಾರ, ಕೆಳತುದಿಗೆ ಒಂದು ದಾರ. ಮೇಲಿನ ದಾರ ಎಳೆದರೆ ಪಟ ಏರುತ್ತದೆ. ಕೆಳಗಿನದನ್ನು ಎಳೆದರೆ ನಿಲ್ಲುತ್ತದೆ, ಇನ್ನೂ ಎಳೆದರೆ ಹಿಂದಕ್ಕೆ ಬರುತ್ತದೆ. ಒಂದು ಕೈ ಮುಂದೆ, ಒಂದು ಕೈ ಹಿಂದೆ ಮಾಡಿದರೆ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಮುಗಿಲಲ್ಲಿ ಹಿಂದಕ್ಕೆ ನಡೆಯುವ ಪಟ! ಮೊದಲ ಸಲ ನೋಡಿದ ದಿನ ನಾನು ಒಲೆಯ ಮೇಲೆ ಇಟ್ಟಿದ್ದ ಹಾಲನ್ನು ಪೂರ್ತಿ ಉಕ್ಕಿಸಿದೆ.

ನನ್ನ ತವರು ಹಲವಾಗಲು, ತುಂಗಭದ್ರೆಯ ದಂಡೆ. ಆಷಾಢದಲ್ಲಿ ಅಣ್ಣಂದಿರು ಪಟ ಹಾರಿಸುವಾಗ ನನ್ನ ಕೆಲಸ ಇಷ್ಟೇ: ಪಟವನ್ನು ಎರಡು ಕೈಯಲ್ಲಿ ಹಿಡಿದು ದೂರ ನಡೆದು ಹೋಗಿ ನಿಲ್ಲುವುದು, ಅವರು "ಬಿಡಲೇ!" ಅಂದಾಗ ಬಿಡುವುದು. ಬಿಟ್ಟ ಮೇಲೆ ಪಟ ಅವರದು. ದಾರ ಹಿಡಿಯಲು ಕೇಳಿದರೆ "ಕೈ ಕೊಯ್ಕಂತೀ, ಹೋಗು" ಅನ್ನುತ್ತಿದ್ದರು. ಈಳಿಗೆಮಣೆಯಲ್ಲಿ ದಿನಾ ಕೈ ಕೊಯ್ದುಕೊಂಡರೆ ಯಾರೂ ಹೋಗು ಅನ್ನುತ್ತಿರಲಿಲ್ಲ.

ಸಾಹೇಬರ ಪಟಗಳಲ್ಲಿ ಒಂದು, ನೀಲಿಯದು, ಒಂದು ದಿನ ಜಾಲಿಮುಳ್ಳಿಗೆ ಸಿಕ್ಕಿ ಮೊಳದುದ್ದ ಹರಿಯಿತು. ಅವರು ಅದನ್ನು ಸತ್ತ ಪಾರಿವಾಳದ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡು ಬಂದರು. ಹಳೆಯ ಕೊಡೆಯ ಬಟ್ಟೆ ಕತ್ತರಿಸಿ, ಸಣ್ಣ ಸೂಜಿ ಹಾಕಿ, ಎರಡು ದಿನ ಕೂತು ತೇಪೆ ಹಚ್ಚಿ ಕೊಟ್ಟೆ. ಸರಿಯಾಯಿತೋ ಇಲ್ಲವೋ ನೋಡಲು ಊರ ಹೊರಗಿನ ಕಣದ ಬಯಲಿಗೆ ಹೋದೆವು. ಒಂದು ಸುತ್ತು ಹಾರಿಸಿದವರೇ ಹಿಡಿಗಳನ್ನು ನನ್ನ ಕೈಗೆ ಕೊಟ್ಟುಬಿಟ್ಟರು. "ಅಕ್ಕಾ, ನೀವು ಹೊಲಿದಿರಿ, ನೀವು ನೋಡ್ರಿ." ನಾಲ್ಕು ದಾರಗಳ ಆ ತುದಿಯಿಂದ ಏನೋ ನನ್ನ ಮೊಣಕೈವರೆಗೆ ಮಾತಾಡಿತು. ಮೂರು ಸಲ ನೆಲಕ್ಕೆ ಬಡಿದೆ. ನಾಲ್ಕನೆಯ ಸಲ ಪಟ ಮೇಲಿಂದ ಇಳಿದು ಬಂದು ನೆಲದಿಂದ ಒಂದು ಗೇಣು ಮೇಲೆ ನಿಂತಿತು. ಸುಮ್ಮನೆ ನಿಂತಿತು. ತಲೆ ಅಲ್ಲಾಡಿಸುತ್ತಾ, ಏನವ್ವಾ ಊಟ ಆತೇನು ಎಂದು ಕೇಳುವ ಹಾಗೆ. ನನಗೆ ನಗೆ ಬಂತು. ಬಾಯಿಗೆ ಸೆರಗು ಅಡ್ಡ ಹಿಡಿಯಲು ಕೈ ಖಾಲಿ ಇರಲಿಲ್ಲ. ಹಾಗೇ ಬಾಯಿಬಿಟ್ಟು ನಕ್ಕೆ. ಅತ್ತೆ ಕಣದ ಅಂಚಿನ ಬೇವಿನ ಕೆಳಗೆ ಮೊರ ಹಿಡಿದು ಜೋಳ ಕೇರುತ್ತಿದ್ದವರು, "ಶುರುವಾತು ನೋಡು ಹುಚ್ಚು" ಅಂದರು. ಆದರೆ ಮೊರ ಆಡಿಸುವುದನ್ನು ನಿಲ್ಲಿಸಿದ್ದರು.

ತಿಂಗಳಾದ ಮೇಲೆ ಸಾಹೇಬರಿಗೆ ಬೇರೆ ರಾಜ್ಯದ ಗುಡ್ಡಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಅವರು ಮೂರೂ ಪಟ ತಂದು ಪಡಸಾಲೆಯಲ್ಲಿ ಹಾಸಿ ಕೈಮುಗಿದರು. "ಹೊಲಿಗೆಗೆ ನೀವು ಏನೂ ತಗೊಳ್ಳಲಿಲ್ಲ. ಈ ಮೂರರಾಗ ಒಂದು ನಿಮ್ಮದು. ಆದ್ರ ಅಕ್ಕಾನೇ ಆರಿಸಬೇಕು, ಬೇರೆ ಯಾರೂ ಅಲ್ಲ. ನಾಳೆ ನಾಲ್ಕಕ್ಕ ಜೀಪು."

ಆ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ನನ್ನ ಸೀರೆಯನ್ನು ಅತ್ತೆ ಆರಿಸುತ್ತಿದ್ದರು, ಸಂತೆಯ ಕಾಯಿಪಲ್ಯವನ್ನು ಮನೆಯವರು ಆರಿಸುತ್ತಿದ್ದರು, ಹೊಲಿಯುವ ಬಟ್ಟೆಯನ್ನು ಹೊಲಿಸುವವರು ಆರಿಸುತ್ತಿದ್ದರು. ಇದರಲ್ಲಿ ದೂರೇನಿಲ್ಲ, ಮನೆ ಅಂದರೆ ಹಾಗೇ ನಡೆಯುತ್ತದೆ. ಆದರೆ ಆ ರಾತ್ರಿ ಎರಡು ಸಲ ಎದ್ದು ದೀಪ ಹಿಡಿದು ಪಟಗಳನ್ನು ನೋಡಿ ಬಂದೆ. ನನಗೆ ಬೇಕಾದದ್ದು ಆ ನೀಲಿ ಪಟ. ಬಿಟ್ಟರೆ ಕೊಟ್ಟೂರಿನಲ್ಲಿ ಸಿಗದು, ಹಡಗಲಿಯಲ್ಲಿ ಸಿಗದು, ಇನ್ನೊಂದು ಜನ್ಮದಲ್ಲಿ ಸಿಗದು.

ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಚುನಾವಣೆಯ ಕಳೆ. ಮಗಳಿಗೆ ಆಗ ಒಂಬತ್ತು ವರ್ಷ. ಅವಳಿಗೆ ಬೇಕಾದದ್ದು ಕೆಂಪು-ಹಳದಿ ಪಟ. ಮೂರರಲ್ಲಿ ನೋಡಲು ಚೆಂದ ಅದೇ; ತುಂಬು ಬಟ್ಟೆ, ಬಿಚ್ಚಿದರೆ ಬಾಳೆ ಎಲೆಯಷ್ಟು ಅಗಲ, ಎರಡೂ ಬದಿ ಚೂಪು. ಜಡೆ ಹಾಕಿಸಿಕೊಳ್ಳುವಾಗಲೂ ಅದೇ ಮಾತು.

"ಅವ್ವಾ, ಕೆಂಪುದು ತಗೋ ಅವ್ವಾ. ನಾನು ದಿನಾ ನೀರು ಸೇದ್ತೀನಿ."

"ತಲಿ ಅಲ್ಲಾಡಿಸಬ್ಯಾಡ."

"ಕೆಂಪುದು ಅಂದ್ರ ಅಲ್ಲಾಡಿಸಲ್ಲ."

ಮನೆಯವರಿಗೆ ಬೇಕಾದದ್ದು ಹಸಿರು. ಅದಕ್ಕೆ ಕಡ್ಡಿಯೇ ಇಲ್ಲ. ಬರೀ ಬಟ್ಟೆಯ ಚೀಲಗಳನ್ನು ಸಾಲಾಗಿ ಹೊಲಿದ ಹಾಗೆ. ಗಾಳಿ ತುಂಬಿಕೊಂಡಾಗ ದಿಂಬಿನಂತೆ ಉಬ್ಬುತ್ತದೆ, ಎತ್ತಿನಂತೆ ಎಳೆಯುತ್ತದೆ. "ಲೇ, ತಾಕತ್ತು ಇರೋದು ತಗಾಬೇಕು. ಕಡ್ಡಿ ಮುರೀತು ಅನ್ನೋ ಚಿಂತಿ ಇಲ್ಲ. ಮಡಚಿ ಕಿಸೇದಾಗ ಇಟ್ಟರ ಆತು" ಎಂದು ಗಿರಣಿಯ ಬೆಲ್ಟ್ ಆರಿಸುವವರ ಗತ್ತಿನಲ್ಲಿ ಹೇಳಿದರು. ಅಂದು ಕರೆಂಟು ಇರಲಿಲ್ಲ, ಗಿರಣಿ ಬಂದ್. ಅದಕ್ಕೇ ಅಷ್ಟು ಪುರುಸೊತ್ತು.

ಅತ್ತೆಗೆ ಯಾವುದೂ ಬೇಡ. "ಪಟ ತಗಂಡು ಏನ್ ಮಾಡ್ತೀರಿ, ಸಾರಿಗೆ ಹಾಕ್ತೀರೇನು? ಆ ಸಾಹೇಬ್ಗ ಹೇಳು, ಮೂರೂ ಒಯ್ಯಿ, ಹೋಗೋ ಮುಂದ ನಮ್ಮ ಮಾಳಿಗಿ ಸೋರೋದು ನೋಡಿ ಹೋಗು ಅಂತ." ಹಾಗೆ ಹೇಳಿ ಕೌದಿ ಹೊಲಿಯಲು ಕೂತರು. ಅತ್ತೆಯ ತವರು ಕೋಗಳಿ. ಹಳೆ ಸೀರೆಗಳನ್ನು ಪದರ ಪದರ ಹಾಕಿ ದಪ್ಪ ಬಿಳಿ ದಾರದಲ್ಲಿ ಹೊಲಿಯುವ ಕೌದಿಗೆ ಅವರ ಕೈ ಹೆಸರಾದದ್ದು. ನನ್ನ ಯಂತ್ರದ ಹೊಲಿಗೆಯನ್ನು ಅವರು ಇರುವೆ ಸಾಲು ಎಂದು ಕರೆಯುತ್ತಿದ್ದರು. "ನನ್ನದು ನೋಡು, ಕಾಣಂಗ ಇರತೈತಿ."

ಮನೆಯವರು ಸ್ನಾನ ಮಾಡಿ ದೇವರ ಗೂಡಿನ ಮುಂದೆ ನಿಂತು ಕೂಗಿದರು. "ವಿಭೂತಿ ಗಟ್ಟಿ ಎಲ್ಲೈತಲೇ? ನಿನ್ನೆ ಸಂಜಿ ಇತ್ತು."

ನಾನು ನೋಡಿದೆ, ಇರಲಿಲ್ಲ. ಅತ್ತೆ ತಲೆ ಎತ್ತದೆ, "ಇಲಿ ಒಯ್ದಿರಬೇಕು" ಅಂದರು.

"ಇಲಿ ವಿಭೂತಿ ಏನ್ ಮಾಡತೈತಿ?"

"ಅದಕ್ಕೂ ಭಕ್ತಿ ಇರಲಿ ಬಿಡೋ."

ಮನೆಯವರು ಬಟ್ಟಲಿನಲ್ಲಿದ್ದ ಪುಡಿಯನ್ನೇ ಹಚ್ಚಿಕೊಂಡರು.

ಹನ್ನೊಂದೂವರೆಗೆ ನಾವು ಐದು ಜನ ಕಣದ ಬಯಲಿಗೆ ಹೋದೆವು. ಮೂರನ್ನೂ ಹಾರಿಸಿ ನೋಡಿ ಆರಿಸಿ, ಬಣ್ಣ ನೋಡಿ ಅಲ್ಲ ಎಂದು ಸಾಹೇಬರೇ ಹೇಳಿದ್ದರು. ಅತ್ತೆ ಬರುವುದಿಲ್ಲ ಅಂದವರು, "ಜೋಳ ಕೇರೋದೈತಿ, ಹೆಂಗೂ ಗಾಳಿ ಐತಿ" ಎಂದು ಮೊರ ತಗೊಂಡು ಹಿಂದೆಯೇ ಬಂದರು. ಆಷಾಢದ ಗಾಳಿ ಅಂದರೆ ನಮ್ಮ ಕಡೆ ಗೊತ್ತಲ್ಲ. ಕಣ್ಣಿಗೆ ಮಣ್ಣು, ಬಾಯಿಗೆ ಮಣ್ಣು, ಸೆರಗು ಒಂದು ಕಡೆ, ಮಾತು ಒಂದು ಕಡೆ. ಮಾತಾಡಬೇಕೆಂದರೆ ಗಾಳಿ ಬರುವ ಕಡೆ ನಿಂತು ಕೂಗಬೇಕು.

ಮೊದಲು ಕೆಂಪು-ಹಳದಿ. ಮಗಳು ಎರಡು ಕೈಯಲ್ಲಿ ಹಿಡಿದು ದೂರ ಹೋಗಿ ನಿಂತಳು. ನಾನು ಹಿಡಿಗಳನ್ನು ಹಿಡಿದು, ಜೀವನದಲ್ಲಿ ಮೊದಲ ಸಲ "ಬಿಡಲೇ!" ಎಂದು ಕೂಗಿದೆ. ಆ ಕೂಗಿಗೇ ನನಗೆ ಅರ್ಧ ಹಬ್ಬ. ಪಟ ನೆಗೆದದ್ದು ಕಂಡಿತು, ಆಮೇಲೆ ಕಾಣಲಿಲ್ಲ. ತುಂಬು ಬಟ್ಟೆಗೆ ಅಷ್ಟು ಗಾಳಿ ಹೊಡೆದು ಕಡ್ಡಿ ಬಿಲ್ಲಿನಂತೆ ಬಾಗಿತು. ಪಟ ಸೊಂಯ್ ಎಂದು ನಮ್ಮ ತಲೆಯ ಮೇಲೆ ಒಂದು ಸುತ್ತು, ಬಣವೆಯ ಮೇಲೆ ಒಂದು ಸುತ್ತು, ಕೊನೆಗೆ ಬಾಣದ ಹಾಗೆ ನೆಲಕ್ಕೆ. ಮಗಳು ಕಿರುಚಿ ಬಣವೆಯ ಹಿಂದೆ ಸೇರಿದಳು.

"ಇದು ಮೆಲ್ಲಗಿನ ಗಾಳಿ ಪಟ" ಎಂದು ಸಾಹೇಬರು ಎತ್ತಿಕೊಂಡು ಮಣ್ಣು ಒರೆಸಿದರು. "ಚಳಿಗಾಲದಾಗ ಹೂವು. ಈಗ ಹುಚ್ಚುಕುದುರಿ."

ಮಗಳು ಬಣವೆಯ ಹಿಂದಿನಿಂದಲೇ, "ಅವ್ವಾ, ಕೆಂಪುದು ಬ್ಯಾಡ" ಅಂದಳು.

ಎರಡನೆಯದು ಹಸಿರು. ಮನೆಯವರು ಪಂಚೆ ಮೇಲಕ್ಕೆ ಕಟ್ಟಿ, "ಇದು ಗಂಡಸರ ಪಟ, ನೀ ಸರಿ" ಎಂದು ಹಿಡಿಗಳನ್ನು ತಗೊಂಡರು. ಸಾಹೇಬರು, "ಅಣ್ಣಾ, ಪಟ ಎಳೆದರ ಕೆಳಗಿನ ದಾರ ಎಳೀರಿ, ನಿಲ್ತದ" ಎಂದು ಎರಡು ಸಲ ಹೇಳಿದರು. ಅಣ್ಣ ಎರಡು ಸಲವೂ ತಲೆಯಾಡಿಸಿದರು. ಪಟ ಗಾಳಿ ಕುಡಿದು ಉಬ್ಬಿತು. ಮನೆಯವರ ಎದೆಯೂ ಉಬ್ಬಿತು. "ನೋಡ್ರಲೇ!" ಅಂದರು. ಅಷ್ಟೇ ಅಂದದ್ದು. ಆಮೇಲೆ ಅವರು ನಮ್ಮಿಂದ ದೂರ ಹೋಗತೊಡಗಿದರು. ಮೊದಲು ನಡೆಯುತ್ತಾ, ಆಮೇಲೆ ಓಡುತ್ತಾ, ಆಮೇಲೆ ಕೂತುಕೊಂಡೇ. ಕೂತು ಜಾರುತ್ತಾ ಜಾರುತ್ತಾ ಕಣ ದಾಟಿ ತಿಪ್ಪೆಯವರೆಗೆ ಹೋಗಿ, ತಿಪ್ಪೆ ಹತ್ತಿ ನಿಂತರು.

"ಬಿಟ್ಟುಬಿಡ್ರಿ! ಕೈ ಬಿಡ್ರಿ!" ಎಂದು ನಾನು ಕೂಗಿದೆ.

"ಬಿಟ್ರ ಹೋಗತೈತಿ!"

"ನೀವ ಹೊಂಟೀರಲ್ರೀ!"

ಅತ್ತೆ ಮೊರ ನೆಲಕ್ಕಿಟ್ಟು ಹೊಟ್ಟೆ ಹಿಡಿದುಕೊಂಡರು. "ನನ್ನ ಮಗ ಗಿರಣಿ ನಡೆಸ್ತಾನ ಅಂದಕಂಡಿದ್ದೆ, ತಿಪ್ಪಿ ಏರ್ಯಾನ ನೋಡ್ರವ್ವಾ!" ಸಾಹೇಬರು ನಗಬಾರದೆಂದು ಬಣವೆಯ ಕಡೆ ತಿರುಗಿ ನಿಂತರು, ಬೆನ್ನು ಕುಲುಕುತ್ತಿತ್ತು. ಮನೆಯವರು ಸಗಣಿ ಹತ್ತಿದ ಪಂಚೆಯಲ್ಲಿ ಬಂದು ಹಿಡಿಗಳನ್ನು ಗಂಭೀರವಾಗಿ ಹಿಂದಕ್ಕೆ ಕೊಟ್ಟು, "ತಾಕತ್ತು ಜಾಸ್ತಿ ಐತಿ" ಅಂದರು. ಯಾರದು ಎಂದು ಹೇಳಲಿಲ್ಲ.

ಉಳಿದದ್ದು ನನ್ನ ನೀಲಿ. ಅದರ ಮೇಲಂಚಿನ ಉದ್ದಕ್ಕೂ ಸೊಳ್ಳೆಪರದೆಯಂಥ ಜಾಲರಿ. ಹೆಚ್ಚಾದ ಗಾಳಿ ಅದರ ಮೂಲಕ ಸೋರಿಹೋಗುತ್ತದೆ. ನಮ್ಮ ಆಷಾಢಕ್ಕೆ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಗೆದ್ದೆನೆಂದೇ ತಿಳಿದೆ. ಹಿಡಿ ಹಿಡಿದೆ, "ಬಿಡಲೇ" ಅಂದೆ, ಪಟ ಎದ್ದಿತು.

ಎದ್ದದ್ದು ಎಡಕ್ಕೆ ವಾಲಿತು. ಬಲಗೈ ಎಳೆದೆ. ವಾಲಿತು. ಇನ್ನೂ ಎಳೆದೆ. ಎಡಕ್ಕೆ ತಿರುಗಿ ತಿರುಗಿ, ಕುಡಿದವರು ಗೋಡೆ ಹುಡುಕುವ ಹಾಗೆ ಹೋಗಿ ನೆಲ ಹಿಡಿಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಸಾಹೇಬರೇ ಹಿಡಿದರು. ಅವರ ಕೈಯಲ್ಲೂ ಹಾಗೇ. ತಿಂಗಳ ಹಿಂದೆ ಗೇಣೆತ್ತರದಲ್ಲಿ ನಿಂತು ನನ್ನನ್ನು ಮಾತಾಡಿಸಿದ ಪಟವೇ ಇದು?

ಸಾಹೇಬರು ನಾಲ್ಕು ದಾರಗಳನ್ನೂ ಒಂದು ಗೂಟಕ್ಕೆ ಸಿಕ್ಕಿಸಿ ಎಳೆದು ಉದ್ದ ನೋಡಿದರು. ಒಂದು ಬೆರಳೂ ಹೆಚ್ಚುಕಮ್ಮಿ ಇಲ್ಲ. ಎಡದ ಹಿಡಿಯನ್ನು ಬಲಕ್ಕೆ ಬದಲಾಯಿಸಿದರು. ಗಂಟು ಬಿಚ್ಚಿ ಮತ್ತೆ ಹಾಕಿದರು. "ನಿನ್ ಬಾಯಾಗ ಮಣ್ಣ ಹಾಕ" ಎಂದು ಪಟಕ್ಕೆ ಪ್ರೀತಿಯಿಂದ ಹೇಳಿದರು. ಮತ್ತೆ ಹಾರಿಸಿದರು, ಮತ್ತೆ ಎಡ. ಊಟದ ಹೊತ್ತು ಮೀರಿತು. ಮನೆಗೆ ಹೋಗಿ ರೊಟ್ಟಿ ಬುತ್ತಿ ತರೋಣ ಎಂದು ಯಾರಿಗೂ ಹೊಳೆಯಲಿಲ್ಲ. ಮೂರು ಗಂಟೆಗೆ ಜೀಪಿನ ಡ್ರೈವರ್ ಬಂದು ಹಾರ್ನ್ ಹೊಡೆದ.

ಸಾಹೇಬರು ನನ್ನ ಮುಖ ನೋಡದೆ ಹೇಳಿದರು. "ಅಕ್ಕಾ, ಒಳಗಿನ ಕಡ್ಡಿ ಬಿರಿದಿರಬೇಕು. ಅದು ಸಿಗೂದಿಲ್ಲ ಇಲ್ಲೆ. ಕೆಟ್ಟ ಪಟ ಕೊಟ್ಟು ಹೋಗಲಾರೆ. ಕೆಂಪುದು ಇಟ್ಟುಕೊಳ್ರಿ, ಚಳಿಗಾಲಕ್ಕ ಆಗ್ತದ."

ಸರಿ ಅನ್ನಬೇಕೆಂದು ಬಾಯಿ ತೆರೆದೆ. ಹನ್ನೊಂದು ವರ್ಷದಿಂದ ಅಂದು ಅಭ್ಯಾಸವಾದ ಮಾತು ಅದು, ತಾನಾಗೇ ಬರುತ್ತದೆ. ಆದರೆ ಅಷ್ಟರಲ್ಲಿ ಕೈ ನೀಲಿ ಪಟದ ಮೇಲಿತ್ತು, ಮತ್ತು ಕೈ ತನ್ನ ಅಭ್ಯಾಸ ಮಾಡುತ್ತಿತ್ತು. ಹೊಲಿದು ಮುಗಿಸಿದ ಬಟ್ಟೆಯನ್ನು ಕೊಡುವ ಮೊದಲು ನಾನು ಯಾವಾಗಲೂ ಅಂಚಿನ ಉದ್ದಕ್ಕೂ ಬೆರಳು ಓಡಿಸುತ್ತೇನೆ; ಮುರಿದ ಸೂಜಿಯ ಚೂರೇನಾದರೂ ಮಡಿಕೆಯಲ್ಲಿ ಉಳಿದೀತು ಎಂದು. ಬೆರಳು ಜಾಲರಿ ದಾಟಿತು, ನನ್ನ ಕೊಡೆಬಟ್ಟೆಯ ತೇಪೆ ದಾಟಿತು, ಎಡದ ಚೂಪು ತುದಿಗೆ ಬಂತು. ಅಲ್ಲಿ ಮಡಿಕೆಯೊಳಗೆ ಒಂದು ಗಟ್ಟಿ. ಅದರ ಬಾಯಿಗೆ ನಾಲ್ಕು ಹೊಲಿಗೆ. ದಪ್ಪ ಬಿಳಿ ದಾರ, ಒಂದೊಂದೂ ಜೋಳದ ಕಾಳಿನಷ್ಟು ಉದ್ದ. ನನ್ನ ಇರುವೆ ಸಾಲಲ್ಲ. ಕಾಣಂಗ ಇರುವ ಹೊಲಿಗೆ.

ನಾಲ್ಕೂ ಹೊಲಿಗೆಯನ್ನು ಹಲ್ಲಿನಿಂದ ಕಡಿದೆ. ಅಂಗೈಗೆ ಬಿದ್ದದ್ದು ನಮ್ಮ ದೇವರ ಗೂಡಿನ ವಿಭೂತಿ ಗಟ್ಟಿ.

ಮನೆಯವರು ಮೆಲ್ಲಗೆ, "ಇಲಿ ಸೂಜಿ ದಾರಾನೂ ತಗಂಡು ಹೋಗಿತ್ತೇನಬೇ?" ಎಂದು ತಾಯಿಯನ್ನು ಕೇಳಿದರು.

ಅತ್ತೆ ಮೊರದಲ್ಲಿ ಇಲ್ಲದ ಕಲ್ಲು ಆರಿಸುತ್ತಿದ್ದರು. "ಏನ್ ಹಂಗ ನೋಡ್ತೀರಿ? ಬಯಲಾಗ ಹಾರೋ ವಸ್ತು, ಊರ ಕಣ್ಣೆಲ್ಲಾ ಅದರ ಮ್ಯಾಲ. ದೃಷ್ಟಿ ಆಗಬಾರದು ಅಂತ ಇಟ್ಟೆ. ತಪ್ಪೇನು? ಹೊಸಾ ಗಾಡಿ ಬಂದ್ರ ಕಟ್ಟಲ್ಲೇನು?"

"ಅತ್ತೀ, ಯಾವಾಗ ಹೊಲಿದ್ರಿ?"

"ನೀನು ನಿದ್ದಿಗಣ್ಣಾಗ ಹಾಲು ಕಾಸೋ ಮುಂದ."

ಸಾಹೇಬರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಅವರು ನೆಲದ ಮೇಲೆ ಕೂತೇಬಿಟ್ಟರು. "ಅಮ್ಮಾಜಿ! ನಾ ಮೂರು ತಾಸು ದಾರ ಅಳೆದೆ!"

ಮಗಳಿಗೆ ಮಾತ್ರ ಬೇರೆಯದೇ ಲೆಕ್ಕ ಹೊಳೆಯಿತು. ಕೆಂಪು ಪಟದ ತುದಿ ಮುಟ್ಟಿ ನೋಡಿದಳು, ಹಸಿರು ಚೀಲಗಳನ್ನು ಹಿಚುಕಿ ನೋಡಿದಳು. "ಅಜ್ಜೀ, ಇವಕ್ಯಾಕ ಇಟ್ಟಿಲ್ಲ? ಇವಕ್ಕ ದೃಷ್ಟಿ ಆಗಲ್ಲೇನು?"

ಅತ್ತೆ ಉತ್ತರ ಕೊಡುವ ಮೊದಲು ಸೆರಗು ಸರಿ ಮಾಡಿಕೊಂಡರು. "ಅವೆರಡು ಹೋಗೋವು. ಹೋಗೋವಕ್ಕ ನಾವ್ಯಾಕ ಇಡಬೇಕು? ಇದು ಮನ್ಯಾಗ ಇರೋದು."

ನಾನು ಯಾರಿಗೂ ಹೇಳಿರಲಿಲ್ಲ ನನಗೆ ಬೇಕಾದದ್ದು ನೀಲಿ ಎಂದು. ಮಗಳಿಗೂ ಹೇಳಿರಲಿಲ್ಲ. ತಿಂಗಳ ಹಿಂದೆ ಬೇವಿನ ಕೆಳಗೆ ಆ ಮೊರ ಯಾಕೆ ನಿಂತಿತ್ತು ಎಂದು ಆಗ ತಿಳಿಯಿತು. ನನ್ನನ್ನು ನೋಡುತ್ತಿದ್ದರೋ ಪಟವನ್ನು ನೋಡುತ್ತಿದ್ದರೋ, ಅದು ಮಾತ್ರ ಇನ್ನೂ ತಿಳಿದಿರಲಿಲ್ಲ.

"ಅದನ್ನ ತಗದಿಡ್ರಿ, ಈಗ ಸರಿ ಹಾರ್ತದ" ಎಂದು ಸಾಹೇಬರು ಎದ್ದರು.

"ಯಾರು ತಗದಿಡೋರು?" ಅತ್ತೆಯೂ ಎದ್ದರು, ಮೊಣಕಾಲು ನೋವೆಲ್ಲ ಎತ್ತಲೋ ಹೋಗಿತ್ತು. "ಹಚ್ಚಿದ ವಿಭೂತಿ ಅಳಿಸ್ತಾರೇನು? ಬರೀ ಹಣೀಲೆ ಕಳಿಸ್ತೀರೇನು ಮುಗಿಲಿಗೆ?"

ಸಾಹೇಬರು ನನ್ನನ್ನು ನೋಡಿದರು, ಮನೆಯವರು ನನ್ನನ್ನು ನೋಡಿದರು, ಡ್ರೈವರ್ ಇನ್ನೊಂದು ಹಾರ್ನ್ ಹೊಡೆದ. ಅಂದು ಆರಿಸುವವಳು ನಾನೇ ಅಲ್ಲವೇ. ವಿಭೂತಿ ಗಟ್ಟಿಯನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಮೆಲ್ಲಗೆ ಕುಟ್ಟಿದೆ. ಸರಿಯಾಗಿ ಎರಡು ಹೋಳಾಯಿತು. ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿ ನೋಡಿದೆ. ಒಂದು ಚೂರು ಹೆಚ್ಚಿದ್ದ ಕಡೆಯಿಂದ ಉಗುರಿನಲ್ಲಿ ಕೆರೆದು ಅತ್ತೆಯ ಹಣೆಗೆ ಹಚ್ಚಿದೆ, ನನ್ನ ಹಣೆಗೆ ಹಚ್ಚಿಕೊಂಡೆ. ಜಂಪರಿನ ಅಂಚಿಗೆ ಸದಾ ಸಿಕ್ಕಿಸಿಕೊಳ್ಳುವ ಸೂಜಿದಾರದಲ್ಲಿ ಒಂದು ಹೋಳನ್ನು ಎಡತುದಿಗೆ ಹೊಲಿದೆ, ಇನ್ನೊಂದನ್ನು ಬಲತುದಿಗೆ. ಇರುವೆ ಸಾಲು ಹಾಕಲಿಲ್ಲ. ಕಾಣುವ ಹಾಗೆ, ದೊಡ್ಡ ದೊಡ್ಡ ಹೊಲಿಗೆ ಹಾಕಿದೆ.

"ಹಾಂ" ಅಂದರು ಅತ್ತೆ. "ಹಿಂಗಿರಬೇಕು."

ಮಗಳು ಪಟ ಹಿಡಿದು ದೂರ ಓಡಿದಳು. "ಬಿಡಲೇ!" ಎಂದು ಕೂಗಿದೆ.

ಎದ್ದಿತು. ನೆಟ್ಟಗೆ ಎದ್ದಿತು. ಎಡಕ್ಕಿಲ್ಲ, ಬಲಕ್ಕಿಲ್ಲ, ಹರಪನಹಳ್ಳಿ ರಸ್ತೆಯ ಹಾಗಲ್ಲ, ಗೆರೆ ಹೊಡೆದ ಹಾಗೆ ಮೇಲಕ್ಕೆ. ತುದಿಯಲ್ಲಿ ನಿಲ್ಲಿಸಿದೆ, ನಿಂತಿತು. ತಿರುಗಿಸಿದೆ, ಬುಗುರಿ. ಹಿಂದಕ್ಕೆ ನಡೆಸಿದೆ, ಮದುವೆ ಮನೆಯಲ್ಲಿ ಹಿರಿಯರ ಮುಂದಿನಿಂದ ಸರಿಯುವ ಸೊಸೆಯ ಹಾಗೆ ಹಿಂದಕ್ಕೆ ಹಿಂದಕ್ಕೆ ಬಂತು. ನಾನು ಏನೇನು ಕೂಗಿದೆನೋ ಗೊತ್ತಿಲ್ಲ. ಸೆರಗು ಎಲ್ಲಿತ್ತೋ ಗೊತ್ತಿಲ್ಲ. ಮಗಳು ಕುಣಿಯುತ್ತಿದ್ದಳು, ಮನೆಯವರು ಸಗಣಿ ಪಂಚೆಯಲ್ಲೇ ಸಿಳ್ಳೆ ಹಾಕುತ್ತಿದ್ದರು. ಸಾಹೇಬರು ಕಣ್ಣಿಗೆ ಕೈ ಅಡ್ಡ ಹಿಡಿದು ಪಟದ ಎರಡೂ ತುದಿ ನೋಡಿದರು. ಆಮೇಲೆ, "ಇದು ಯಾವ ಪುಸ್ತಕದಾಗೂ ಇಲ್ಲ" ಅಂದರು.

ಆಗ ನನ್ನ ಮೊಣಕೈಗೆ ಯಾರೋ ತಿವಿದರು. ಅತ್ತೆ. ಮೊರ ಎತ್ತಲೋ ಬಿದ್ದಿತ್ತು.

"ಇಲ್ಲಿ ಕೊಡು. ನಿನಗ ಕೈ ಬರಲ್ಲ."

"ಅತ್ತೀ, ಎಳೀತೈತಿ, ನೋಡ್ರಿ."

"ನಾನು ನಲವತ್ತು ವರ್ಷ ಈ ಕಣದಾಗ ಗಾಳಿಗೆ ತೂರೀನಿ. ಗಾಳಿ ಎಲ್ಲಿಂದ ಬರತೈತಿ ಅಂತ ನನಗ ಆ ಕಂಬ ಹೇಳಬೇಕಾ?"

ಕೊಟ್ಟೆ. ಎರಡೂ ಕೈ ಮೊರ ಹಿಡಿದ ಹಾಗೇ ಮುಂದಕ್ಕೆ ಚಾಚಿ, ಮಣಿಕಟ್ಟನ್ನು ಸಣ್ಣಗೆ ಒಮ್ಮೆ ಕೊಡವಿದರು. ಹೊಟ್ಟು ಹಾರಿ ಕಾಳು ಉಳಿಯುವಷ್ಟು. ಪಟ ಅಲ್ಲಿ ಅಷ್ಟೇ ಕೊಡವಿತು. ನಾನು ತೋಳಿನಿಂದ ಎಳೆಯುತ್ತಿದ್ದೆ, ಅವರಿಗೆ ಬೆರಳು ಸಾಕಾಗಿತ್ತು. ಪಟವನ್ನು ಇಳಿಸಿಕೊಂಡು ಬಂದು ಮಗನ ತಲೆಯ ಮೇಲೆ ನಿಲ್ಲಿಸಿ, ಎಡತುದಿಯಿಂದ ಅವರ ಕೂದಲಿಗೆ ಒಮ್ಮೆ ತಟ್ಟಿದರು. "ತಾಕತ್ತಂತ ತಾಕತ್ತು!" ಅರವತ್ತು ದಾಟಿದ ಹೆಂಗಸು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಹಲ್ಲಿಲ್ಲದ ಕಡೆಯಿಂದ ಗಾಳಿಯೂ ನಗುತ್ತಿತ್ತು.

"ಅಜ್ಜೀ, ನೀನು ಸಣ್ಣಾಕಿದ್ದಾಗ ಹಾರಿಸ್ತಿದ್ದೇನು?"

"ಹಿಡಕಂಡು ನಿಲ್ತಿದ್ದೆ. ಬಿಡು ಅಂದಾಗ ಬಿಡ್ತಿದ್ದೆ" ಅಂದರು ಅತ್ತೆ, ಮುಗಿಲಿನಿಂದ ಕಣ್ಣು ತೆಗೆಯದೆ.

ನಾನು ಅವರ ಪಕ್ಕಕ್ಕೆ ಸರಿದು ನಿಂತೆ. ಆಮೇಲೆ ಎಡದ ಹಿಡಿ ಅವರು, ಬಲದ ಹಿಡಿ ನಾನು ಹಿಡಿದು ನೋಡಿದೆವು. ಒಂದೇ ಗಳಿಗೆ. ಪಟ ಯಾರ ಮಾತು ಕೇಳಬೇಕೋ ತಿಳಿಯದೆ ನೆಲಕ್ಕೆ ಬಿತ್ತು, ನಾವೂ ಒಬ್ಬರ ಮೇಲೊಬ್ಬರು ವಾಲಿ ನಕ್ಕೆವು.

ನಾಲ್ಕು ಗಂಟೆಯ ಜೀಪು ನಾಲ್ಕು ಮುಕ್ಕಾಲಿಗೆ ಹೊರಟಿತು. ಸಾಹೇಬರು ಅತ್ತೆಯ ಕಾಲು ಮುಟ್ಟಿದರು. ಅತ್ತೆ ತಲೆ ಮೇಲೆ ಕೈಯಿಟ್ಟು, "ಮಾಳಿಗಿ ಸೋರೋದು ಹಂಗ ಬಿಟ್ಟು ಹೊಂಟಿ ನೋಡು, ನಿನ್ ಬಾಯಾಗ ಮಣ್ಣ ಹಾಕ" ಎಂದು ಹರಸಿದರು. ಕೆಂಪು-ಹಳದಿಯೂ ಹಸಿರೂ ಜೀಪಿನ ಹಿಂದೆ ಮಡಚಿಕೊಂಡು ಹೋದವು. ನೀಲಿ ಪಟ ನಮ್ಮ ಪಡಸಾಲೆಯಲ್ಲಿ, ಅತ್ತೆಯ ಕೌದಿಯ ಗಂಟಿನ ಪಕ್ಕದ ಮೊಳೆಗೆ ಬಂತು. ಯಾವ ಮೊಳೆ ಎಂದು ಆರಿಸಿದವರು ಅತ್ತೆ. ನಾನು ಅಡ್ಡ ಮಾತಾಡಲಿಲ್ಲ.

ಒಲೆ ಹಚ್ಚಲು ಯಾರಿಗೂ ಕೈಯಲ್ಲಿ ಬಲವಿರಲಿಲ್ಲ. ಮನೆಯವರು ಪಂಚೆ ಬದಲಿಸಿ ಬಸ್‌ಸ್ಟ್ಯಾಂಡಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರು. ಬೆಳಗಿನ ಹನ್ನೆರಡು ರೊಟ್ಟಿಯೂ ಹಾಗೇ ಇದ್ದವು. ಅದರಲ್ಲಿ ನಾಲ್ಕನ್ನು ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿಕೊಂಡು ತಿಂದೆವು. ಮಂಡಕ್ಕಿಯಲ್ಲಿ ಸ್ವಲ್ಪ ಮಣ್ಣು ಕಿರಗುಟ್ಟಿತು, ಅದು ಅಂಗಡಿಯದ್ದಲ್ಲ, ನಮ್ಮ ಹಲ್ಲಿನದು. ಮೊದಲು ಮಲಗಿದವರು ಅತ್ತೆ. ಬಜ್ಜಿಯ ಎರಡನೆಯ ಸುತ್ತು ಬರುವ ಮೊದಲೇ ಗೋಡೆಗೆ ಒರಗಿ ನಿದ್ದೆ ಹೋದರು, ಎರಡು ಕೈಯೂ ಮಡಿಲಲ್ಲಿ, ಪಟದ ಹಿಡಿ ಹಿಡಿದ ಹಾಗೇ ಮುಷ್ಟಿ ಅರ್ಧ ಮುಚ್ಚಿ, ಹೆಬ್ಬೆರಳು ಮೇಲಕ್ಕೆ. ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಎರಡನೆಯವಳಾಗಿ ಮಲಗಿದಳು.